ಎದೆಯ ತಾಳ ಸರಿಮಾಡಿಸಿಕೊಂಡ ಮೇಲೆ ತಲೆಗೆ ಏನಾಗುತ್ತದೆ?

(ಹಿರಿಯ ನಾಗರಿಕರು ಮತ್ತು ಅವರ ಮನೆಯವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯಲ್ಲಿ ಹೃದಯಕ್ಕೂ ಮಿದುಳಿಗೂ ಬೇರೆ ಬೇರೆ ಮಹಡಿ, ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಫೈಲು. ಮನೆಯಲ್ಲಿ ಹಾಗಿಲ್ಲ. ಮನೆಯವರ ಕಣ್ಣಿಗೆ ಕಾಣುವುದು ಒಬ್ಬರೇ ಮನುಷ್ಯ. ಹಾಗಾಗಿ ಎರಡು ಮಹಡಿಗಳ ನಡುವೆ ಬಿದ್ದುಹೋಗುವ ಪ್ರಶ್ನೆಗಳನ್ನು ಮನೆಯವರೇ ಮೊದಲು ಕೇಳುತ್ತಾರೆ. ಮರೆವಿನ ತೊಂದರೆ ಅಂತ ತೋರಿಸಿಕೊಳ್ಳೋಕೆ ಬಂದವರ ಜೊತೆಗಿರುವ ಹೆಂಡತಿಯೋ ಮಗಳೋ ಮಾತಿನ ನಡುವೆ ಹೇಳುವುದುಂಟು: "ಡಾಕ್ಟ್ರೇ, ಹಾರ್ಟ್‌ಗೆ ಅಬ್ಲೇಷನ್ ಮಾಡಿಸಿದ ಮೇಲೆ ಇವರು ಮೊದಲಿನ ಥರ ಇಲ್ಲ. ಕೇಳಿದ್ದನ್ನೇ ಕೇಳ್ತಾರೆ. ಕರೆಂಟ್ ಬಿಲ್ ಕಟ್ಟಿದ್ದೀನೋ ಇಲ್ವೋ ಅಂತ ಮತ್ತೆ ಮತ್ತೆ ನೋಡ್ತಾರೆ." ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ ಹೇಳುತ್ತಾರೆ: "ಬಡಿತ ಸರಿಯಾದ ಮೇಲೆ ಅಪ್ಪ ಎಷ್ಟು ಚುರುಕಾದರು ಗೊತ್ತಾ!"

ಅಬ್ಲೇಷನ್ ಅಂದರೆ ತಾಳ ತಪ್ಪಿಸುವ ಜಾಗವನ್ನು ಹೃದಯದೊಳಗೆ ಸುಟ್ಟೋ ತಣ್ಣಗೆ ಮಾಡಿಯೋ ಅಡಗಿಸುವ ಚಿಕಿತ್ಸೆ. ಇಬ್ಬರ ಮಾತೂ ನಿಜ ಇರಬಹುದು. ಅದು ಹೇಗೆ ಅಂತ ಹೇಳೋಕೆ ಇವತ್ತು ಬಂದಿದ್ದೇನೆ. ಜೊತೆಗೆ ಒಂದು ಬೇಡಿಕೆಯನ್ನೂ ನಿಮ್ಮ ಮುಂದಿಡಬೇಕು. ಅದೇನು ಅಂತ ಮೊದಲೇ ಹೇಳಿಬಿಡುತ್ತೇನೆ. ಎದೆಯ ತಾಳ ಸರಿಮಾಡುವ ಚಿಕಿತ್ಸೆಗೆ ಹೋಗುವ ಪ್ರತಿಯೊಬ್ಬರಿಗೂ, ಹೋಗುವ ಮುಂಚೆಯೇ, ನೆನಪು ಮತ್ತು ಗಮನದ ಒಂದು ಪರೀಕ್ಷೆ ಆಗಿರಬೇಕು. ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲ ಮಾಡಿಸುತ್ತೇವೆ. ಇದೊಂದನ್ನು ಮಾತ್ರ ಬಿಟ್ಟುಬಿಡುತ್ತೇವೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಎದೆಯ ತಾಳ ತಪ್ಪುವ ಕಾಯಿಲೆಗಳು ಹಲವು. ವಯಸ್ಸಾದವರಲ್ಲಿ ಜಾಸ್ತಿ ಕಾಣುವುದು ಏಟ್ರಿಯಲ್ ಫಿಬ್ರಿಲೇಷನ್. ಚಿಕ್ಕದಾಗಿ ಎ.ಎಫ್. ಅನ್ನೋಣ. ಹೃದಯದ ಮೇಲಿನ ಎರಡು ಕೋಣೆಗಳು ನೆಟ್ಟಗೆ ಹಿಂಡಿಕೊಳ್ಳದೆ ಸುಮ್ನೆ ಅದುರುತ್ತಿರುತ್ತವೆ. ನಾಡಿ ಹಿಡಿದು ನೋಡಿದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ಲೆಕ್ಕವೇ ಸಿಗುವುದಿಲ್ಲ. ಕೆಲವರಿಗೆ ಎದೆ ಡವಡವ ಅನ್ನುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನು ಕೆಲವರಿಗೆ ಏನೂ ಗೊತ್ತಾಗುವುದೇ ಇಲ್ಲ.

ಎಡಗಡೆ ಮೇಲ್ಕೋಣೆಗೆ ಅಂಟಿಕೊಂಡು ಒಂದು ಪುಟ್ಟ ಚೀಲ ಇದೆ. ಕೋಣೆ ಹಿಂಡಿಕೊಳ್ಳದಿದ್ದಾಗ ಆ ಚೀಲದಲ್ಲಿ ರಕ್ತ ನಿಂತುಬಿಡುತ್ತದೆ. ಅಲ್ಲಾಡದೆ ಇಟ್ಟ ಹಾಲು ಮೊಸರಾಗುವ ಹಾಗೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕವಾಟದ ಕಾಯಿಲೆ ಇಲ್ಲದ ಎ.ಎಫ್. ರೋಗಿಗಳಲ್ಲಿ ಎಡ ಮೇಲ್ಕೋಣೆಯ ಹೆಪ್ಪು ಹತ್ತಕ್ಕೆ ಒಂಬತ್ತು ಪಾಲು ಸಿಗುವುದು ಆ ಚೀಲದಲ್ಲೇ. ಅಲ್ಲಿಂದ ಒಂದು ಚೂರು ಕಳಚಿಕೊಂಡು ಮಿದುಳಿಗೆ ಹೋದರೆ ಸ್ಟ್ರೋಕ್, ನಾವು ಲಕ್ವ ಅನ್ನುವುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಟ್ಟಲೆ ಗಮನಿಸಿದ ಅಧ್ಯಯನ 1991ರಲ್ಲೇ ಇದನ್ನು ಹೇಳಿತ್ತು: ಎ.ಎಫ್. ಇದ್ದವರಿಗೆ ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು ಜಾಸ್ತಿ.

ದೊಡ್ಡ ಸ್ಟ್ರೋಕ್ ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಬಾಯಿ ಸೊಟ್ಟಗಾಗುತ್ತದೆ, ಕೈ ಬೀಳುತ್ತದೆ. ಗೊತ್ತೇ ಆಗದ ಸಣ್ಣ ಪೆಟ್ಟುಗಳೂ ಇವೆ. 2019ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 1,737 ಎ.ಎಫ್. ರೋಗಿಗಳ ಮಿದುಳಿನ ಎಂಆರ್‌ಐ ಫಲಿತಾಂಶ ಪ್ರಕಟಿಸಿದರು. ತಮಗೆ ಯಾವತ್ತೂ ಸ್ಟ್ರೋಕ್ ಆಗಿಲ್ಲ ಅಂದವರಲ್ಲೂ ಶೇ. 18ರಷ್ಟು ಜನರ ಮಿದುಳಿನಲ್ಲಿ ರಕ್ತ ಸಿಗದೆ ಸತ್ತ ಜಾಗಗಳು ಕಂಡವು. ಅಂಥವರು ನೆನಪಿನ ಪರೀಕ್ಷೆಯಲ್ಲಿ ಉಳಿದವರಿಗಿಂತ ಕಡಿಮೆ ಅಂಕ ಪಡೆದಿದ್ದರು. ಇವರೆಲ್ಲ ನಡೆದಾಡಿಕೊಂಡು, ತಿಂಡಿ ತಿಂದುಕೊಂಡು ಆರಾಮಾಗಿದ್ದವರೇ. ಮನೆಯಲ್ಲಿ ಯಾರಾದರೂ ಗಮನಿಸಿದ್ದರೂ "ಅರವತ್ತಕ್ಕೆ ಅರಳು ಮರಳು" ಅಂತ ಬಿಟ್ಟಿರುತ್ತಾರೆ, ಅಲ್ವಾ?

ಹೆಪ್ಪು ಒಂದೇ ಕಾರಣವಲ್ಲ. ಬಡಿತ ಅಡ್ಡಾದಿಡ್ಡಿಯಾದಾಗ ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಐಸ್‌ಲ್ಯಾಂಡಿನ ಸಂಶೋಧಕರು ಇದನ್ನು ಎಂಆರ್‌ಐನಲ್ಲಿ ಅಳೆದು ತೋರಿಸಿದ್ದಾರೆ. ಅದೇ ರೋಗಿಗಳ ಬಡಿತ ಮತ್ತೆ ಸರಿಯಾದಾಗ ಮಿದುಳಿನ ರಕ್ತ ಹೆಚ್ಚಾಯಿತು. "ಅಪ್ಪ ಚುರುಕಾದರು" ಅನ್ನುವ ಮಗಳ ಮಾತಿಗೆ ಇಲ್ಲೊಂದು ಆಧಾರ ಸಿಗುತ್ತದೆ.

ಅಂದರೆ ಅಬ್ಲೇಷನ್ ಟೇಬಲ್ ಮೇಲೆ ಮಲಗುವ ಮುಂಚೆಯೇ ಈ ಕಾಯಿಲೆ ಮಿದುಳನ್ನು ಮುಟ್ಟಿರಬಹುದು. ಮುಂದಿನದ್ದೆಲ್ಲ ಇದನ್ನು ಮನಸ್ಸಲ್ಲಿಟ್ಟುಕೊಂಡು ಕೇಳಬೇಕು.

ಈಗ ಚಿಕಿತ್ಸೆಗೆ ಬರೋಣ. 1998ರಲ್ಲಿ ಫ್ರಾನ್ಸಿನ ಬೋರ್ಡೋ ಊರಿನ ಡಾ. ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು ಒಂದು ದೊಡ್ಡ ವಿಷಯ ಕಂಡುಹಿಡಿದರು. 45 ರೋಗಿಗಳಲ್ಲಿ ಎ.ಎಫ್. ಎಲ್ಲಿಂದ ಕಿಡಿ ಹೊತ್ತಿಕೊಳ್ಳುತ್ತದೆ ಅಂತ ಹುಡುಕಿದಾಗ, ಆ ಜಾಗಗಳಲ್ಲಿ ಶೇ. 94 ಇದ್ದದ್ದು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ತರುವ ನಾಳಗಳ ಒಳಗೆ. ಆ ನಾಳಗಳ ಬಾಯಿಯ ಸುತ್ತ ಒಂದು ಸುತ್ತು ಸುಟ್ಟರೆ ಅಲ್ಲಿನ ಕಿಡಿ ಹೃದಯಕ್ಕೆ ದಾಟುವುದಿಲ್ಲ. ಇವತ್ತು ಜಗತ್ತಿನಾದ್ಯಂತ ನಡೆಯುವ ಎ.ಎಫ್. ಅಬ್ಲೇಷನ್ನಿನ ಬುಡ ಇದೇ.

ಈ ಚಿಕಿತ್ಸೆ ನಡೆಯುವ ಕೋಣೆಯಾದ ಕ್ಯಾಥ್ ಲ್ಯಾಬಿನ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಿದುಳಿನ ಪ್ರಶ್ನೆ ಹುಟ್ಟುವುದು ಅಲ್ಲೇ.

ತೊಡೆಸಂದಿಯ ರಕ್ತನಾಳಕ್ಕೆ ಸೂಜಿ ಹಾಕಿ, ಅದರ ಮೂಲಕ ಸಣ್ಣ ಕೊಳವೆಗಳನ್ನು ಹೃದಯದ ಬಲಗಡೆಗೆ ತಲುಪಿಸುತ್ತಾರೆ. ಕೆಲಸ ಇರುವುದು ಎಡಗಡೆ. ಹಾಗಾಗಿ ಎರಡು ಮೇಲ್ಕೋಣೆಗಳ ನಡುವಿನ ತೆಳು ಗೋಡೆಗೆ ಒಂದು ತೂತು ಮಾಡಿ ದಾಟುತ್ತಾರೆ. ಈ ದಾಟುವಿಕೆ ಬಹಳ ಮುಖ್ಯ. ಬಲಗಡೆ ಏನಾದರೂ ಚೂರು ಬಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಸೋಸಿಹೋಗುತ್ತದೆ. ಎಡಗಡೆ ಬಿದ್ದರೆ ಅಂಥ ಜರಡಿ ಇಲ್ಲ. ಮಹಾಧಮನಿಗೆ ಹೋಗಿ, ಕತ್ತಿನ ರಕ್ತನಾಳ ಹತ್ತಿ ಮಿದುಳಿಗೆ ಸೇರಬಹುದು.

ಬೀಳಬಹುದಾದ ಚೂರುಗಳು ಯಾವುವು? ಕೊಳವೆಯ ಮೇಲೆ ಕೂತ ಸಣ್ಣ ಹೆಪ್ಪು. ತುದಿ ಬಿಸಿಯಾದಾಗ ಅಲ್ಲಿ ಕರಕಲಾದ ರಕ್ತ. ಕೊಳವೆ ಬದಲಿಸುವಾಗ ಒಳಸೇರಿದ ಗಾಳಿಯ ಗುಳ್ಳೆ. ಇದನ್ನು ತಡೆಯೋಕೆ ಅಲ್ಲಿರುವ ತಂಡ ಉದ್ದಕ್ಕೂ ಕಾವಲು ಕಾಯುತ್ತದೆ. ಹೆಪ್ಪಾರಿನ್ ಕೊಟ್ಟು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯುವ ಎಸಿಟಿ ಅನ್ನುವ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ಅದು 300 ಸೆಕೆಂಡಿನ ಮೇಲೇ ಇರುವಂತೆ ಕಾಯುತ್ತಾರೆ. ಕೊಳವೆಗಳಿಗೆ ಸಲೈನ್ ಹರಿಸುತ್ತಲೇ ಇರುತ್ತಾರೆ. ಸಿರಿಂಜು ತಟ್ಟಿ ತಟ್ಟಿ ಗುಳ್ಳೆ ತೆಗೆಯುತ್ತಾರೆ. ಆ ತಟ್ಟುವಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರೋಗಿಯ ಮಿದುಳನ್ನು ಕಾಯುವ ಕೆಲಸದಲ್ಲಿ ಅದಕ್ಕೂ ಪಾಲಿದೆ ಅಂತ ನಾನು ಗೌರವದಿಂದ ಹೇಳುತ್ತೇನೆ.

ಇಷ್ಟಾದರೂ ಚಿಕಿತ್ಸೆ ಮುಗಿದ ಮೇಲೆ ಎಂಆರ್‌ಐ ಮಾಡಿದರೆ ಕೆಲವರ ಮಿದುಳಿನಲ್ಲಿ ಹೊಸ ಬಿಳಿ ಚುಕ್ಕೆಗಳು, ಅಂದರೆ ರಕ್ತ ಸಿಗದ ಪುಟ್ಟ ಜಾಗಗಳು, ಕಾಣುತ್ತವೆ. ರೋಗಿಗೆ ಏನೂ ಆಗಿರುವುದಿಲ್ಲ, ಎದ್ದು ಕಾಫಿ ಕುಡಿಯುತ್ತಿರುತ್ತಾರೆ. ಬಳಸುವ ಉಪಕರಣದ ಮೇಲೆ ಇದು ಎಷ್ಟು ಬದಲಾಗುತ್ತದೆ ಅಂತ 2011ರಲ್ಲಿ ಒಂದು ಯುರೋಪಿಯನ್ ಅಧ್ಯಯನ ತೋರಿಸಿತು. ಬಿಸಿಯಿಂದ ಸುಡುವ, ತುದಿಯನ್ನು ನೀರು ಹರಿಸಿ ತಂಪು ಮಾಡುವ ರೇಡಿಯೋಫ್ರೀಕ್ವೆನ್ಸಿ ಕೊಳವೆಯಲ್ಲಿ ಶೇ. 7.4 ಜನರಿಗೆ ಚುಕ್ಕೆ ಕಂಡವು. ಶೀತದಿಂದ ಕೆಲಸ ಮಾಡುವ ಕ್ರಯೋಬಲೂನಿನಲ್ಲಿ ಶೇ. 4.3. ಹಲವು ಎಲೆಕ್ಟ್ರೋಡುಗಳಿದ್ದ ಇನ್ನೊಂದು ಬಗೆಯ ಕೊಳವೆಯಲ್ಲಿ ಶೇ. 37.5! ರೋಗಿಗೆ ಲಕ್ಷಣವೇ ಇಲ್ಲದ ವಿಷಯವನ್ನು ಯಾಕೆ ಹುಡುಕಬೇಕು ಅನ್ನುವವರಿಗೆ ನಾನು ಈ ಅಂಕಿ ತೋರಿಸುತ್ತೇನೆ. ಹುಡುಕಿದ್ದರಿಂದಲೇ ಉಪಕರಣಗಳ ನಡುವಿನ ವ್ಯತ್ಯಾಸ ಗೊತ್ತಾಯಿತು.

ಈ ಚುಕ್ಕೆಗಳಲ್ಲಿ ಬಹಳಷ್ಟು ಮುಂದಿನ ಎಂಆರ್‌ಐನಲ್ಲಿ ಕಾಣುವುದಿಲ್ಲ. ಹಾಗಂತ ಏನೂ ಆಗಿಲ್ಲ ಅನ್ನಬಹುದಾ? ಚಿತ್ರ ಬಿಟ್ಟು ನೇರವಾಗಿ ನೆನಪನ್ನೇ ಅಳೆದವರು ಆಸ್ಟ್ರೇಲಿಯಾದ ಮೆಲ್ಬರ್ನಿನ ವೈದ್ಯರು. 2013ರ ಅವರ ಅಧ್ಯಯನ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 150 ಜನ, ನಾಲ್ಕು ಗುಂಪು. ಬಂದು ಹೋಗುವ ಎ.ಎಫ್.ಗೆ ಅಬ್ಲೇಷನ್ ಆದವರು 60. ಬಿಡದೆ ಇರುವ ಎ.ಎಫ್.ಗೆ ಆದವರು 30. ಎಸ್‌ವಿಟಿ ಅನ್ನುವ ಬೇರೆ ತಾಳದ ತೊಂದರೆಗೆ ಅಬ್ಲೇಷನ್ ಆದವರು 30. ಎ.ಎಫ್. ಇದ್ದೂ ಏನೂ ಮಾಡಿಸಿಕೊಳ್ಳದೆ ಕಾಯುತ್ತಿದ್ದವರು 30. ಎಲ್ಲರಿಗೂ ಚಿಕಿತ್ಸೆಗೆ ಮುಂಚೆ, ಎರಡನೇ ದಿನ ಮತ್ತು 90ನೇ ದಿನ ನೆನಪು, ಗಮನ, ವೇಗದ ಹಲವು ಪರೀಕ್ಷೆ.

ಎರಡನೇ ದಿನ ಎ.ಎಫ್. ಗುಂಪುಗಳಲ್ಲಿ ಶೇ. 28 ಮತ್ತು 27 ಜನರ ಸಾಮರ್ಥ್ಯ ಇಳಿದಿತ್ತು. ಎಸ್‌ವಿಟಿಯಲ್ಲಿ ಶೇ. 13. ಕಾಯುತ್ತಿದ್ದವರಲ್ಲಿ ಸೊನ್ನೆ. 90ನೇ ದಿನಕ್ಕೆ ಎ.ಎಫ್. ಗುಂಪುಗಳಲ್ಲಿ ಶೇ. 13 ಮತ್ತು 20 ಉಳಿದಿತ್ತು, ಎಸ್‌ವಿಟಿಯಲ್ಲಿ ಶೇ. 3. ಕೊಳವೆಗಳು ಎಡ ಮೇಲ್ಕೋಣೆಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಇಳಿಕೆಯ ಸಾಧ್ಯತೆ ಜಾಸ್ತಿ ಇತ್ತು.

"ಇವರು ಮೊದಲಿನ ಥರ ಇಲ್ಲ" ಅಂದ ಹೆಂಡತಿಯ ಮಾತು ಭ್ರಮೆ ಅಲ್ಲ ಅಂತ ಈ ಅಂಕಿಗಳು ಹೇಳುತ್ತವೆ. ಆದರೆ ಇದು ತೀರಾ ಸೂಕ್ಷ್ಮವಾದ ಇಳಿಕೆ. ಇವರಿಗೆ ಡಿಮೆನ್ಷಿಯಾ, ಅಂದರೆ ದಿನದ ಕೆಲಸಕ್ಕೇ ಅಡ್ಡಿಯಾಗುವ ಮರೆಗುಳಿ ಕಾಯಿಲೆ, ಬಂತು ಅಂತ ಅಲ್ಲ. ಹತ್ತು ಪದ ನೆನಪಿಡುತ್ತಿದ್ದವರು ಏಳೆಂಟು ನೆನಪಿಡುವಂಥದ್ದು. ಲೆಕ್ಕ ಮಾಡೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕಾಗುವಂಥದ್ದು. ಕೂತಲ್ಲೇ ದಿನ ಕಳೆಯುವವರಿಗೆ ಗೊತ್ತಾಗದೇ ಇರಬಹುದು. ಅಂಗಡಿಯ ಲೆಕ್ಕ ನೋಡುವವರಿಗೆ, ಪಾಠ ಮಾಡುವವರಿಗೆ ಖಂಡಿತ ಗೊತ್ತಾಗುತ್ತದೆ.

ಇಲ್ಲಿಗೇ ಮಾತು ನಿಲ್ಲಿಸಿದರೆ ನಿಮ್ಮಲ್ಲಿ ಕೆಲವರು ನಾಳೆಯೇ ಹೋಗಿ ಅಬ್ಲೇಷನ್ ಕ್ಯಾನ್ಸಲ್ ಮಾಡಿಸುತ್ತೀರಿ. ದಯವಿಟ್ಟು ಪೂರ್ತಿ ಕೇಳಿ.

ಆ ಅಧ್ಯಯನದ ಕಾಲಕ್ಕೂ ಈಗಿಗೂ ಪದ್ಧತಿ ಬದಲಾಗಿದೆ. ದೊಡ್ಡ ಬದಲಾವಣೆ ರಕ್ತ ತೆಳು ಮಾಡುವ ಮಾತ್ರೆಯದ್ದು. ಮುಂಚೆ ಚಿಕಿತ್ಸೆಗೆ ಕೆಲವು ದಿನ ಮೊದಲು ವಾರ್ಫರಿನ್ ನಿಲ್ಲಿಸುವುದು ರೂಢಿಯಾಗಿತ್ತು. 2014ರ ಒಂದು ಅಧ್ಯಯನದಲ್ಲಿ 1,584 ಜನರನ್ನು ಎರಡು ಗುಂಪು ಮಾಡಿದರು. ಮಾತ್ರೆ ನಿಲ್ಲಿಸಿದವರಲ್ಲಿ ಶೇ. 4.9 ಜನರಿಗೆ ಸ್ಟ್ರೋಕ್ ಅಥವಾ ಸ್ವಲ್ಪ ಹೊತ್ತಲ್ಲೇ ಸರಿಹೋಗುವ ಮಿನಿ ಸ್ಟ್ರೋಕ್ ಆಯಿತು. ನಿಲ್ಲಿಸದೆ ಮುಂದುವರಿಸಿದವರಲ್ಲಿ ಶೇ. 0.25. ಈಗ ಮಾತ್ರೆ ನಿಲ್ಲಿಸದೆಯೇ ಅಬ್ಲೇಷನ್ ಮಾಡುವುದು ಸಾಮಾನ್ಯ. 2018ರಲ್ಲಿ ಹೀಗೆ ಮಾತ್ರೆ ನಿಲ್ಲಿಸದೆ ಮಾಡಿದ ಇನ್ನೊಂದು ಅಧ್ಯಯನ ಬಂತು. ಅದರಲ್ಲೂ ಎಂಆರ್‌ಐ ಮಾಡಿಸಿದವರಲ್ಲಿ ಸುಮಾರು ಕಾಲು ಭಾಗದ ಜನರಿಗೆ ಚುಕ್ಕೆ ಕಂಡವು. ಆದರೆ ಮೂರು ತಿಂಗಳ ಹೊತ್ತಿಗೆ ನೆನಪಿನ ಅಂಕ ಸರಾಸರಿ ಒಂದು ಮೇಲೇರಿತ್ತು.

ಒಂದು ಅಂಕ ಏರಿದ್ದನ್ನು ನಾನು ದೊಡ್ಡದು ಮಾಡುವುದಿಲ್ಲ. ಅದೇ ಪ್ರಶ್ನೆಪತ್ರಿಕೆ ಎರಡನೇ ಸಲ ಸಿಕ್ಕರೆ ಯಾರಿಗಾದರೂ ಸ್ವಲ್ಪ ಜಾಸ್ತಿ ಅಂಕ ಬರುತ್ತದೆ. ಅದಕ್ಕೇ ಜೊತೆಗೆ ಹೋಲಿಸೋಕೆ ಇನ್ನೊಂದು ಗುಂಪು ಬೇಕು. 2019ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಹಾಗೆ ಮಾಡಿದರು. ಅಬ್ಲೇಷನ್ ಆದ 308 ಜನರನ್ನು, ಬರೀ ಮಾತ್ರೆಯಲ್ಲಿದ್ದ 50 ಜನರ ಜೊತೆ ಹೋಲಿಸಿದರು. ವರ್ಷ ಕಳೆದಾಗ ಅಬ್ಲೇಷನ್ ಆದವರ ಅಂಕ ಏರಿತ್ತು. ಮೊದಲೇ ನೆನಪು ಕುಂದಿದ್ದವರಿಗೆ ಲಾಭ ಜಾಸ್ತಿ ಆಗಿತ್ತು. ಮೆಲ್ಬರ್ನಿನವರೇ ಆಮೇಲೆ ಚೀಟಿ ಎತ್ತಿದ ಹಾಗೆ ಗುಂಪು ವಿಂಗಡಿಸಿ ಮತ್ತೊಮ್ಮೆ ನೋಡಿದರು. ಮೂರು ತಿಂಗಳಿಗೆ ಕೆಲವರಲ್ಲಿ ಇಳಿಕೆ ಕಂಡಿತು, ವರ್ಷದ ಹೊತ್ತಿಗೆ ಅವರು ಚೇತರಿಸಿಕೊಂಡರು. ಮೊದಲು ಒಂದು ಸಣ್ಣ ಇಳಿತ, ಆಮೇಲೆ ಏರಿಕೆ. ಹೆಂಡತಿ ನೋಡಿದ್ದು ಇಳಿತವನ್ನು, ಮಗಳು ನೋಡಿದ್ದು ಏರಿಕೆಯನ್ನು.

ಕೊರಿಯಾದ್ದೇ ಮತ್ತೊಂದು ದೊಡ್ಡ ಲೆಕ್ಕ 2020ರಲ್ಲಿ ಬಂತು. ಅಬ್ಲೇಷನ್ ಆದವರಿಗೆ ಡಿಮೆನ್ಷಿಯಾ ಬರುವುದು ಸುಮಾರು ಶೇ. 27 ಕಡಿಮೆ ಅಂತ. ಓದಿದರೆ ಖುಷಿಯಾಗುತ್ತದೆ. ಆದರೆ ಅಬ್ಲೇಷನ್‌ಗೆ ಆಯ್ಕೆಯಾಗುವವರು ಸಾಮಾನ್ಯವಾಗಿ ಸ್ವಲ್ಪ ಗಟ್ಟಿಮುಟ್ಟಾಗಿರುತ್ತಾರೆ. ಆ ಲಾಭದಲ್ಲಿ ಚಿಕಿತ್ಸೆಯ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಅಂತ ಬಿಡಿಸುವುದು ಕಷ್ಟ. ಬರೀ ಡಿಮೆನ್ಷಿಯಾ ತಪ್ಪಿಸೋಕೆ ಅಂತ ಅಬ್ಲೇಷನ್ ಮಾಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಎದೆಯ ತೊಂದರೆಗೆ ಅದು ಬೇಕಿದ್ದರೆ, ಮಿದುಳಿನ ಭಯಕ್ಕೆ ಅದನ್ನು ಬಿಡಬೇಡಿ ಅಂತಲೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಮಾತ್ರೆಯ ವಿಷಯ ಇನ್ನೆರಡು ಮಾತು. ಸ್ವೀಡನ್ನಿನಲ್ಲಿ 4,44,106 ಎ.ಎಫ್. ರೋಗಿಗಳ ದಾಖಲೆ ನೋಡಿದಾಗ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಡಿಮೆನ್ಷಿಯಾ ಶೇ. 29 ಕಡಿಮೆ ಇತ್ತು. ಸ್ಟ್ರೋಕ್ ಅಪಾಯ ಕಡಿಮೆ ಇರುವ, ವಯಸ್ಸು ಚಿಕ್ಕದಾದ ರೋಗಿಗಳಿಗೂ ಕೊಟ್ಟರೆ ಹೇಗೆ ಅಂತ ಕೆನಡಾದವರು ಪರೀಕ್ಷೆ ಮಾಡಿದರು. 2024ರಲ್ಲಿ ಫಲಿತಾಂಶ ಬಂತು. ಅವರಿಗೆ ಲಾಭ ಕಾಣಲಿಲ್ಲ. ಹಾಗಾಗಿ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದನ್ನು ಡಾಕ್ಟರು ತೀರ್ಮಾನ ಮಾಡಲಿ. ಬರೆದುಕೊಟ್ಟ ಮೇಲೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ನಮ್ಮ ಕಡೆ ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟು ಎ.ಎಫ್. ಬಂದವರು ಇನ್ನೂ ಇದ್ದಾರೆ. ಅಂಥವರಿಗೆ ಐಎನ್‌ಆರ್ ಅನ್ನುವ, ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಪರೀಕ್ಷೆ ನೋಡುತ್ತಾ ಕೊಡುವ ವಾರ್ಫರಿನ್ ಥರದ ಹಳೆಯ ಮಾತ್ರೆಗಳೇ ಮೇಲು ಅಂತ 2022ರಲ್ಲಿ ಭಾರತವೂ ಸೇರಿದ ದೊಡ್ಡ ಅಧ್ಯಯನ ತೋರಿಸಿದೆ. ಪಕ್ಕದ ಮನೆಯವರು ಹೊಸ ಮಾತ್ರೆ ನುಂಗುತ್ತಾರೆ ಅಂತ ನೀವೂ ಬದಲಿಸಬೇಡಿ.

ಈಗ ನನ್ನ ಬೇಡಿಕೆ. ಮೋಕಾ ಅನ್ನುವ ಒಂದು ಪುಟದ ಪರೀಕ್ಷೆ ಇದೆ. ಕೆನಡಾದ ಡಾ. ಜಿಯಾದ್ ನಸ್ರೆದ್ದೀನ್ ರೂಪಿಸಿದ್ದು, 2005ರಲ್ಲಿ ಪ್ರಕಟವಾಯಿತು. 30 ಅಂಕ, ಹತ್ತು ನಿಮಿಷದ ಕೆಲಸ. ಗಡಿಯಾರ ಬರೆದು ಹೇಳಿದ ಸಮಯಕ್ಕೆ ಮುಳ್ಳು ಇಡಬೇಕು. ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು: 93, 86, 79. ಐದು ಪದ ಹೇಳಿ, ಬೇರೆ ಕೆಲಸ ಮಾಡಿಸಿ, ಐದು ನಿಮಿಷ ಬಿಟ್ಟು ಕೇಳುತ್ತಾರೆ. ಎಂಥ ದೊಡ್ಡ ಹುದ್ದೆಯಲ್ಲಿದ್ದವರೂ ಆ ನಾಲ್ಕನೇ ಪದದ ಹತ್ತಿರ ಬಂದು ಚಾವಣಿ ನೋಡುತ್ತಾರೆ. ಕನ್ನಡದಲ್ಲೂ ಈ ಪರೀಕ್ಷೆ ಇದೆ. ಓದು ಬರಹ ಕಡಿಮೆ ಇರುವವರಿಗೆ ಬೇರೆ ರೂಪವೂ ಇದೆ. ಇನ್ನೂ ವಿವರವಾಗಿ ನೋಡಬೇಕಾದರೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಭಾರತೀಯ ಭಾಷೆಗಳಿಗಾಗಿ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛವಿದೆ. ಅದರಲ್ಲಿ ಕನ್ನಡವೂ ಒಂದು. ಮನೆಯಲ್ಲಿ ಕನ್ನಡ ಮಾತಾಡುವವರಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಮರೆವು ಅಂತ ಬರೆಯುವುದು ಅನ್ಯಾಯ.

ಮುಂಚಿನ ಅಂಕ ಕೈಯಲ್ಲಿಲ್ಲದಿದ್ದರೆ, ಆಮೇಲೆ 24 ಬಂದಾಗ ಏನು ಹೇಳುವುದು? ಮೊದಲು 28 ಇದ್ದು ಇಳಿಯಿತೋ, ಮೊದಲೇ 22 ಇದ್ದು ಏರಿತೋ? ಡಾಕ್ಟರಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಇಲ್ಲ. ಹತ್ತು ನಿಮಿಷ, ಒಂದು ಪೆನ್ಸಿಲ್, ಒಂದು ಹಾಳೆ. ಇಷ್ಟು ಕೇಳುವ ಹಕ್ಕು ರೋಗಿಗಿದೆ. ಆಸ್ಪತ್ರೆ ತಾನಾಗಿ ಮಾಡದಿದ್ದರೆ ನೀವೇ ಕೇಳಿ ಮಾಡಿಸಿ.

ಇನ್ನು ಪ್ರಶ್ನೆಗಳು.

"ಸಾರ್, ನಮ್ಮ ಯಜಮಾನ್ರಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಅದಕ್ಕೂ ಹೀಗಾಗುತ್ತಾ?"

ಇಲ್ಲಮ್ಮಾ, ಅದು ಬೇರೆ. ಪೇಸ್‌ಮೇಕರಿನ ತಂತಿ ಸಾಮಾನ್ಯವಾಗಿ ಇರುವುದು ಹೃದಯದ ಬಲಗಡೆ. ನಾನು ಹೇಳಿದ ಎಡಗಡೆಯ ದಾರಿ ಅಲ್ಲಿಲ್ಲ. ಬಡಿತ ತೀರಾ ನಿಧಾನ ಇದ್ದು ಮಂಕಾಗಿದ್ದವರು ಪೇಸ್‌ಮೇಕರ್ ಆದ ಮೇಲೆ ಗೆಲುವಾಗುವುದೂ ಉಂಟು.

"ಶಾಕ್ ಕೊಟ್ಟು ಬಡಿತ ಸರಿಮಾಡ್ತಾರಲ್ಲ, ಆ ಕರೆಂಟು ತಲೆಗೆ ಹೋಗುತ್ತಾ?"

ಭಯ ಬೇಡ, ಅದು ಎದೆಗೆ ಕೊಡುವುದು. ಅಲ್ಲಿ ಅಪಾಯ ಹೆಪ್ಪಿನದ್ದು. ಅದಕ್ಕೇ ಎ.ಎಫ್. ಎರಡು ದಿನಕ್ಕಿಂತ ಜಾಸ್ತಿ ಇದ್ದರೆ ಶಾಕ್‌ಗೆ ಮುಂಚೆ ಮೂರು ವಾರ, ಆಮೇಲೆ ಕಡಿಮೆ ಅಂದರೂ ನಾಲ್ಕು ವಾರ ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ಒಂದು ದಿನವೂ ತಪ್ಪಿಸಬೇಡಿ.

"ಅಬ್ಲೇಷನ್ ಆಗಿ ಮನೆಗೆ ಬಂದ ಮೇಲೆ ಯಾವಾಗ ಗಾಬರಿಯಾಗಬೇಕು, ಯಾವಾಗ ಸುಮ್ನಿರಬೇಕು?"

ಒಳ್ಳೆಯ ಪ್ರಶ್ನೆ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಹಳ ಅಪರೂಪದ, ಆದರೆ ಜೀವ ತೆಗೆಯುವ ಇನ್ನೊಂದು ತೊಂದರೆ ಇದೆ. ಎಡ ಮೇಲ್ಕೋಣೆಯ ಹಿಂದೆಯೇ ಅನ್ನನಾಳ ಇರುವುದರಿಂದ, ಸುಟ್ಟ ಜಾಗದಲ್ಲಿ ಅವೆರಡರ ನಡುವೆ ತೂತಾಗಬಹುದು. ಚಿಕಿತ್ಸೆಯಾದ ಒಂದೆರಡು ವಾರದಿಂದ ಎರಡು ತಿಂಗಳವರೆಗೆ ಜ್ವರ, ನುಂಗುವಾಗ ನೋವು, ಎದೆನೋವು, ತಲೆ ಗೊಂದಲ ಬಂದರೆ ತಕ್ಷಣ ಅಬ್ಲೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ಬೇರೆ ಕಡೆ ಹೋದರೆ ಅಬ್ಲೇಷನ್ ಆಗಿದೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಆಗ ಎದೆಯ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಎಂಡೋಸ್ಕೋಪಿ ಮಾಡಬಾರದು. ಅದರ ಗಾಳಿ ಆ ತೂತಿನಿಂದ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ.

ಇದ್ಯಾವುದೂ ಇಲ್ಲದೆ ಬರೀ ಮಂಕು, ಮರೆವು ಅಂದರೆ ಮೊದಲ ಕೆಲವು ದಿನ ನಿದ್ದೆಗೆ, ವಿಶ್ರಾಂತಿಗೆ ಬಿಡಿ. ಆ ದಿನಗಳಲ್ಲಿ ಆಸ್ತಿ ಪತ್ರಕ್ಕೆ ಸಹಿ, ದೊಡ್ಡ ಹಣದ ವ್ಯವಹಾರ ಬೇಡ. ಮೂರು ತಿಂಗಳಿಗೆ ಅದೇ ಪರೀಕ್ಷೆ ಮತ್ತೆ ಮಾಡಿಸಿ. ಅಂಕ ಇಳಿದಿದ್ದರೆ ಅಬ್ಲೇಷನ್ ಒಂದನ್ನೇ ದೂರಬೇಡಿ. ಥೈರಾಯ್ಡ್, ಬಿ12, ಸೋಡಿಯಂ ನೋಡಿಸಿ. ಎ.ಎಫ್.ಗೆ ಕೊಡುವ ಅಮಿಯೋಡರೋನ್ ಮಾತ್ರೆ ಥೈರಾಯ್ಡ್ ಕೆಡಿಸಿ ಮನುಷ್ಯನನ್ನು ನಿಧಾನ ಮಾಡಬಹುದು, ಅದಕ್ಕೆ ಮದ್ದಿದೆ. ಗೊರಕೆ ಜಾಸ್ತಿ ಇದ್ದರೆ ನಿದ್ದೆಯ ಪರೀಕ್ಷೆ ಕೇಳಿ. ಬರುವಾಗ ಹಳೆಯ ಅಂಕದ ಹಾಳೆ, ಡಿಸ್ಚಾರ್ಜ್ ಸಮ್ಮರಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಮೂರನ್ನೂ ತನ್ನಿ.